ಆ ಮೊಸರು ನೆಲದ ಮೇಲೆ ಎಷ್ಟು ಹೊತ್ತಿನಿಂದ ಇತ್ತು?

ಲಿವರ್‌ಪೂಲ್ ನಗರದ ಸ್ಮಿತ್‌ಡೌನ್ ರಸ್ತೆಯಲ್ಲಿದ್ದ ಟೆಸ್ಕೋ ಸೂಪರ್‌ಮಾರ್ಕೆಟ್ಟಿನಲ್ಲಿ 1974ರ ಜೂನ್ 29ರಂದು, ತಂತಿಬುಟ್ಟಿ ಹಿಡಿದು ಸಾಮಾನು ಆರಿಸಿಕೊಳ್ಳುತ್ತಿದ್ದ ಮಹಿಳೆಯೊಬ್ಬರು ಕಾಲು ಜಾರಿ ಬಿದ್ದರು. ಅಂಗಡಿಯವರು ಅವರನ್ನು ಎಬ್ಬಿಸುವಾಗ ನೆಲದ ಮೇಲೆ ಗುಲಾಬಿ ಬಣ್ಣದ ಅಂಟು ಪದಾರ್ಥವೊಂದು ಕಂಡಿತು. ಅದು ಚೆಲ್ಲಿದ ಮೊಸರು ಎಂಬುದು ಆಮೇಲೆ ಖಚಿತವಾಯಿತು. ಗಾಯ ದೊಡ್ಡದಾಗಿರಲಿಲ್ಲ. ಕೌಂಟಿ ನ್ಯಾಯಾಲಯ ಕೊಡಿಸಿದ ಪರಿಹಾರ 137.50 ಪೌಂಡ್ ಮಾತ್ರ. ಇಷ್ಟು ಸಣ್ಣ ಮೊತ್ತದ ವ್ಯಾಜ್ಯ ಮೇಲ್ಮನವಿ ನ್ಯಾಯಾಲಯದವರೆಗೆ ಹೋಯಿತು, ಅಲ್ಲಿ ಮೂವರು ನ್ಯಾಯಮೂರ್ತಿಗಳಲ್ಲಿ ಇಬ್ಬರು ಒಂದು ಕಡೆ, ಒಬ್ಬರು ಇನ್ನೊಂದು ಕಡೆ ನಿಂತರು, ಮತ್ತು 1976ರ ಕಾನೂನು ವರದಿಗಳಲ್ಲಿ ಅಚ್ಚಾದ ಆ ತೀರ್ಪನ್ನು ಇಂದಿಗೂ ಕಾನೂನು ವಿದ್ಯಾರ್ಥಿಗಳು ಓದುತ್ತಾರೆ. ನ್ಯಾಯಮೂರ್ತಿಗಳನ್ನು ಬೇರ್ಪಡಿಸಿದ್ದು ಯಾರಿಗೂ ಉತ್ತರ ತಿಳಿಯದಿದ್ದ ಒಂದು ಸರಳ ಪ್ರಶ್ನೆ: ಆ ಮೊಸರು ಅಲ್ಲಿ ಎಷ್ಟು ಹೊತ್ತಿನಿಂದ ಬಿದ್ದಿತ್ತು?

ಅಂಗಡಿಯಲ್ಲಿ ಗ್ರಾಹಕರೊಬ್ಬರು ಬಿದ್ದರೆ ಹೊಣೆ ಯಾರದ್ದು ಎಂಬ ಚರ್ಚೆ ಬಂದಾಗಲೆಲ್ಲ ನಮ್ಮಲ್ಲಿ ಎರಡು ಮಾತುಗಳು ಥಟ್ಟನೆ ಕೇಳಿಬರುತ್ತವೆ. ಅಂಗಡಿಯೊಳಗೆ ಬಿದ್ದ ಮೇಲೆ ಅಂಗಡಿಯವರೇ ಕೊಡಬೇಕು ಎಂಬುದು ಒಂದು. ಕಣ್ಣುಬಿಟ್ಟು ನಡೆಯಬೇಕಿತ್ತು ಎಂಬುದು ಇನ್ನೊಂದು. ಕಾನೂನು ಇವೆರಡನ್ನೂ ಒಪ್ಪುವುದಿಲ್ಲ. ಬಿದ್ದದ್ದರಿಂದಲೇ ಹೊಣೆ ಹುಟ್ಟುವುದಿಲ್ಲ, ಏಕೆಂದರೆ ಅಂಗಡಿಯವರು ಗ್ರಾಹಕರ ಸುರಕ್ಷತೆಗೆ ವಿಮೆ ಕೊಟ್ಟವರಲ್ಲ. ಹಾಗೆಂದು ಬಿದ್ದವರ ಮೇಲೆಯೇ ಎಲ್ಲವನ್ನೂ ಹೊರಿಸುವಂತೆಯೂ ಇಲ್ಲ, ಏಕೆಂದರೆ ಅವರನ್ನು ಒಳಗೆ ಕರೆದದ್ದು, ಅವರ ಬರವಿನಿಂದ ಲಾಭ ಪಡೆಯುವುದು ಅಂಗಡಿಯೇ. ಈ ಎರಡರ ನಡುವಿನ ಜಾಗವನ್ನು ಅಳೆಯಲು ನ್ಯಾಯಾಲಯಗಳು ನೂರೈವತ್ತು ವರ್ಷಗಳಿಂದ ಪಟ್ಟ ಶ್ರಮವನ್ನು ಓದುತ್ತಾ ಹೋದಂತೆ ನನಗೆ ಒಂದು ವಿಷಯ ಸ್ಪಷ್ಟವಾಗಿದೆ. ಜಾರಿ ಬಿದ್ದ ಪ್ರಕರಣಗಳಲ್ಲಿ ಕೊನೆಗೂ ತೂಗುವುದು ಸಮಯವನ್ನು. ಆ ಸಮಯದ ಲೆಕ್ಕ ಯಾರ ಬಳಿ ಇರುತ್ತದೆಯೋ ಅವರನ್ನೇ ಮೊದಲು ಮಾತನಾಡಿಸುವುದು ನ್ಯಾಯ.

ಈ ಕಥೆಯ ಬೇರು 1866ರ ಇಂಡರ್ಮಾರ್ ಮತ್ತು ಡೇಮ್ಸ್ ಪ್ರಕರಣದಲ್ಲಿದೆ. ಸಕ್ಕರೆ ಶುದ್ಧೀಕರಣದ ಕಟ್ಟಡವೊಂದಕ್ಕೆ ಕೆಲಸದ ಮೇಲೆ ಹೋಗಿದ್ದ ಗ್ಯಾಸ್ ಕೆಲಸಗಾರನೊಬ್ಬ ತಡೆಬೇಲಿಯಿಲ್ಲದ ತೆರಪಿನೊಳಗೆ ಬಿದ್ದ. ವ್ಯವಹಾರದ ಕಾರಣದಿಂದ ಬಂದವರು ತಾವೂ ತಕ್ಕಷ್ಟು ಎಚ್ಚರ ವಹಿಸಿದ್ದಲ್ಲಿ, ಕಟ್ಟಡವನ್ನು ವಶದಲ್ಲಿಟ್ಟುಕೊಂಡವರು ತಮಗೆ ತಿಳಿದಿರುವ ಅಥವಾ ತಿಳಿದಿರಬೇಕಾದ ಅಸಾಮಾನ್ಯ ಅಪಾಯದಿಂದ ಅವರನ್ನು ಕಾಪಾಡಲು ತಕ್ಕ ಎಚ್ಚರ ವಹಿಸಬೇಕು ಎಂದು ನ್ಯಾಯಮೂರ್ತಿ ವಿಲ್ಸ್ ಹೇಳಿದರು. ಬಂದವರು ಆಹ್ವಾನಿತರೋ, ಅನುಮತಿ ಪಡೆದವರೋ, ಅತಿಕ್ರಮಿಸಿದವರೋ ಎಂಬ ವರ್ಗೀಕರಣದ ಮೇಲೆ ಅಲ್ಲಿಂದ ಮುಂದೆ ಬಹಳ ವಾದ ನಡೆಯಿತು. ಇಂಗ್ಲೆಂಡಿನಲ್ಲಿ 1957ರ ಆಕ್ಯುಪೈಯರ್ಸ್ ಲಯಬಿಲಿಟಿ (ಕಟ್ಟಡವನ್ನು ವಶದಲ್ಲಿಟ್ಟುಕೊಂಡವರ ಹೊಣೆ) ಕಾಯ್ದೆ ನ್ಯಾಯಯುತವಾಗಿ ಬಂದ ಎಲ್ಲರಿಗೂ ಒಂದೇ ಬಗೆಯ ಎಚ್ಚರ ಸಲ್ಲಬೇಕೆಂದಿತು. ಆಸ್ಟ್ರೇಲಿಯಾದಲ್ಲಿ, ಮಳೆ ಬರುತ್ತಿದ್ದ ದಿನ ಸೇಫ್‌ವೇ ಸೂಪರ್‌ಮಾರ್ಕೆಟ್ಟಿನ ಒದ್ದೆ ಪ್ರವೇಶಾಂಗಣದಲ್ಲಿ ಗ್ರಾಹಕಿಯೊಬ್ಬರು ಜಾರಿ ಬಿದ್ದ ಪ್ರಕರಣದಲ್ಲಿ, 1987ರಲ್ಲಿ, ಅಲ್ಲಿನ ಅತ್ಯುನ್ನತ ನ್ಯಾಯಾಲಯವಾದ ಹೈಕೋರ್ಟ್ ಆ ವಿಶೇಷ ವರ್ಗಗಳನ್ನು ಬದಿಗಿಟ್ಟು ನಿರ್ಲಕ್ಷ್ಯದ ಸಾಮಾನ್ಯ ನಿಯಮವೇ ಸಾಕು ಎಂದಿತು. ಈ ವರ್ಗೀಕರಣದ ಇತಿಹಾಸ ಇಂದಿನ ಗ್ರಾಹಕರಿಗೆ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಉಳಿದುಬಂದದ್ದು ‘ತಿಳಿದಿರಬೇಕಾದ’ ಎಂಬ ವಿಲ್ಸರ ಮಾತು.

ಅಂಗಡಿಯ ನೌಕರನೇ ಎಣ್ಣೆ ಚೆಲ್ಲಿದ್ದರೆ ಪ್ರಶ್ನೆ ಬೇಗ ಮುಗಿಯುತ್ತದೆ. ನೌಕರನ ಕೈತಪ್ಪು ಮಾಲೀಕನ ಹೊಣೆ. ಚೆಲ್ಲಿದ್ದನ್ನು ನೌಕರನೊಬ್ಬ ಕಂಡೂ ಬಿಟ್ಟು ಹೋಗಿದ್ದರೆ ಆಗಲೂ ಕಷ್ಟವಿಲ್ಲ. ಆದರೆ ಹೆಚ್ಚಿನ ಪ್ರಕರಣಗಳಲ್ಲಿ ಚೆಲ್ಲಿದವರು ಇನ್ನೊಬ್ಬ ಗ್ರಾಹಕರು, ಮತ್ತು ಅವರು ಯಾರೆಂಬುದು ಯಾರಿಗೂ ಗೊತ್ತಿರುವುದಿಲ್ಲ. ಅಂಥಲ್ಲಿ ಅಂಗಡಿಯವರಿಗೆ ಅದು ತಿಳಿದಿರಬೇಕಾಗಿತ್ತು ಎನ್ನಬೇಕಾದರೆ, ಎಚ್ಚರದಿಂದ ನೋಡುವವರಿಗೆ ಕಣ್ಣಿಗೆ ಬಿದ್ದು, ಒರೆಸಿ ತೆಗೆಯಲು ಸಾಕಾಗುವಷ್ಟು ಹೊತ್ತು ಅದು ನೆಲದ ಮೇಲಿತ್ತು ಎಂದು ತೋರಬೇಕು. ನಿಮಿಷದ ಹಿಂದೆ ಬಿದ್ದಿದ್ದರೆ ಹೊಣೆಯಿಲ್ಲ. ಗಂಟೆಯಿಂದ ಬಿದ್ದಿದ್ದರೆ ಹೊಣೆಯುಂಟು.

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಹತ್ತು ವರ್ಷಗಳ ಅಂತರದಲ್ಲಿ ಕೊಟ್ಟ ಎರಡು ತೀರ್ಪುಗಳು ಈ ಮಾತಿಗೆ ಕನ್ನಡಿ ಹಿಡಿಯುತ್ತವೆ. ಎರಡೂ ನಡೆದದ್ದು ರೈಲು ನಿಲ್ದಾಣದಲ್ಲಿ, ಎರಡರಲ್ಲೂ ಜಾರಿಸಿದ್ದು ಬಾಳೆಹಣ್ಣಿನ ಸಿಪ್ಪೆ. 1901ರಲ್ಲಿ ಮುಖ್ಯ ನ್ಯಾಯಮೂರ್ತಿ ಹೋಮ್ಸ್ ಕೆಲವೇ ಸಾಲುಗಳಲ್ಲಿ ದಾವೆಯನ್ನು ಮುಗಿಸಿದರು: ಇಳಿದು ಹೋಗುತ್ತಿದ್ದ ಪ್ರಯಾಣಿಕರಲ್ಲೊಬ್ಬರು ಆ ಸಿಪ್ಪೆಯನ್ನು ಒಂದು ನಿಮಿಷದ ಹಿಂದೆಯಷ್ಟೇ ಎಸೆದಿರಬಹುದು, ಆದ್ದರಿಂದ ರೈಲ್ವೆ ಕಂಪನಿಯ ತಪ್ಪಿಲ್ಲ. 1911ರ ಇನ್ನೊಂದು ಪ್ರಕರಣದಲ್ಲಿ, ಬಾಸ್ಟನ್ನಿನ ಎತ್ತರದ ರೈಲು ಮಾರ್ಗದ ನಿಲ್ದಾಣದಲ್ಲಿ ಬಿದ್ದ ಮಹಿಳೆಯ ಪರವಾಗಿ ಸಾಕ್ಷಿಗಳು ಸಿಪ್ಪೆಯ ಸ್ಥಿತಿಯನ್ನು ವಿವರಿಸಿದರು. ಅದು ಒಣಗಿತ್ತು, ಮಣ್ಣು ಮೆತ್ತಿತ್ತು, ಬಹಳ ಜನ ತುಳಿದಂತೆ ಚಪ್ಪಟೆಯಾಗಿ ಕಪ್ಪಗಾಗಿತ್ತು. ನ್ಯಾಯಾಲಯ ಈ ಬಾರಿ ದಾವೆಯನ್ನು ಎತ್ತಿಹಿಡಿಯಿತು, ಏಕೆಂದರೆ ಕಪ್ಪಾದ ಸಿಪ್ಪೆ ತಾನು ಎಷ್ಟು ಹೊತ್ತಿನಿಂದ ಅಲ್ಲಿದ್ದೆ ಎಂಬುದನ್ನು ತಾನೇ ಹೇಳುತ್ತಿತ್ತು, ಮತ್ತು ಅಷ್ಟು ಹೊತ್ತು ಸಿಬ್ಬಂದಿಯ ಕಣ್ಣಿಗೆ ಅದು ಬೀಳದೇ ಇದ್ದದ್ದು ನಿರ್ಲಕ್ಷ್ಯವಲ್ಲದೆ ಬೇರೇನೂ ಆಗಲಾರದು.

ಈ ತರ್ಕ ಅಚ್ಚುಕಟ್ಟಾಗಿದೆ, ನಿಜ. ಆದರೆ ಅದು ನ್ಯಾಯವನ್ನು ಆಕಸ್ಮಿಕಕ್ಕೆ ಬಿಟ್ಟುಬಿಡುತ್ತದೆ ಎಂಬುದು ನನ್ನ ಆಕ್ಷೇಪ. ಬಾಳೆಹಣ್ಣಿನ ಸಿಪ್ಪೆ ಕಾಲ ಕಳೆದಂತೆ ಬಣ್ಣ ಬದಲಿಸುತ್ತದೆ. ನೀರು ಬದಲಿಸುವುದಿಲ್ಲ, ಅಡುಗೆ ಎಣ್ಣೆ ಬದಲಿಸುವುದಿಲ್ಲ. ಒಂದು ಗಂಟೆಯಿಂದ ನಿಂತ ನೀರಿನ ಮೇಲೆ ಜಾರಿದವರಿಗೆ ಪುರಾವೆಯಿಲ್ಲ, ಒಣಗಿದ ಸಿಪ್ಪೆಯ ಮೇಲೆ ಜಾರಿದವರಿಗೆ ಪುರಾವೆಯುಂಟು ಎಂದಾದರೆ, ಇಬ್ಬರಿಗೂ ಆದ ಅನ್ಯಾಯ ಒಂದೇ ಆಗಿದ್ದರೂ ಪರಿಹಾರ ಮಾತ್ರ ಬಿದ್ದ ವಸ್ತುವಿನ ಗುಣದ ಮೇಲೆ ನಿಂತಿರುತ್ತದೆ. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಬಿದ್ದವರು ಆ ಕ್ಷಣದಲ್ಲಿ ನೋವಿನಲ್ಲಿರುತ್ತಾರೆ, ಮುಜುಗರದಲ್ಲಿರುತ್ತಾರೆ. ಸುತ್ತ ಸೇರಿದವರು ಅವರನ್ನು ಎತ್ತಿ ಕುರ್ಚಿಯಲ್ಲಿ ಕೂರಿಸುವಷ್ಟರಲ್ಲಿ ಯಾರೋ ಮಾಪ್ ತಂದು ನೆಲವನ್ನು ಒರೆಸಿಬಿಟ್ಟಿರುತ್ತಾರೆ. ಒರೆಸುವುದು ಸರಿಯಾದ ಕೆಲಸವೇ, ಇಲ್ಲದಿದ್ದರೆ ಇನ್ನೊಬ್ಬರು ಬೀಳುತ್ತಾರೆ. ಆದರೆ ಅದರೊಂದಿಗೆ ಪುರಾವೆಯೂ ಅಳಿಸಿಹೋಗುತ್ತದೆ.

ಲಿವರ್‌ಪೂಲಿನ ಮೊಸರಿನ ಪ್ರಕರಣ ದೊಡ್ಡದಾಗುವುದು ಇಲ್ಲಿಯೇ. ಟೆಸ್ಕೋ ತನ್ನ ವ್ಯವಸ್ಥೆಯನ್ನು ವಿವರಿಸಿತು: ನೆಲವನ್ನು ದಿನಕ್ಕೆ ಐದಾರು ಬಾರಿ ಗುಡಿಸಲಾಗುತ್ತಿತ್ತು, ಚೆಲ್ಲಿದ್ದನ್ನು ಕಂಡ ನೌಕರ ಅಲ್ಲಿಯೇ ನಿಂತು ಇನ್ನೊಬ್ಬರನ್ನು ಕರೆಸಿ ಸ್ವಚ್ಛಗೊಳಿಸಬೇಕೆಂಬ ಸೂಚನೆಯಿತ್ತು. ವಾರಕ್ಕೆ ಸುಮಾರು ಹತ್ತು ಬಾರಿ ಏನಾದರೂ ಚೆಲ್ಲುತ್ತಿತ್ತು ಎಂಬುದನ್ನೂ ಒಪ್ಪಿಕೊಂಡಿತು. ಆದರೆ ಆ ದಿನ, ಆ ಮಹಿಳೆ ಬೀಳುವ ಮುಂಚೆ, ನೆಲವನ್ನು ಕೊನೆಯ ಬಾರಿ ಯಾವಾಗ ಗುಡಿಸಲಾಯಿತು ಎಂಬುದಕ್ಕೆ ಅಂಗಡಿ ಸಾಕ್ಷ್ಯವನ್ನೇ ಕೊಡಲಿಲ್ಲ. ಆಕೆಯ ಕಡೆಯಿಂದ ಬಂದ ಇನ್ನೊಂದು ಸಾಕ್ಷ್ಯ ನನಗೆ ಬಹಳ ಹಿಡಿಸಿದೆ. ಬಿದ್ದು ಮೂರು ವಾರಗಳ ಬಳಿಕ ಅದೇ ಅಂಗಡಿಗೆ ಹೋದ ಆಕೆ ಅಲ್ಲಿ ಕಿತ್ತಳೆ ರಸ ಚೆಲ್ಲಿರುವುದನ್ನು ಕಂಡು, ಯಾರು ಬಂದು ಒರೆಸುತ್ತಾರೋ ನೋಡೋಣವೆಂದು ಸುಮಾರು ಕಾಲು ಗಂಟೆ ನಿಂತರು, ಯಾರೂ ಬರಲಿಲ್ಲ. ಆ ಕಾಲು ಗಂಟೆ ಬಿದ್ದ ದಿನದ ಬಗ್ಗೆ ಏನನ್ನೂ ಸಾಬೀತುಪಡಿಸುವುದಿಲ್ಲ, ಆದರೆ ಕಾಗದದ ಮೇಲಿನ ವ್ಯವಸ್ಥೆ ನೆಲದ ಮೇಲೆ ಹೇಗಿತ್ತು ಎಂಬುದನ್ನು ತೋರಿಸುತ್ತದೆ.

ನ್ಯಾಯಮೂರ್ತಿಗಳಾದ ಲಾಟನ್ ಮತ್ತು ಮೆಗಾ ಅವರ ವಾದ ಹೀಗಿತ್ತು. ನೆಲವನ್ನು ಶುಚಿಯಾಗಿಟ್ಟು, ಚೆಲ್ಲಿದ್ದನ್ನು ಕೂಡಲೇ ತೆಗೆಯುತ್ತಿದ್ದರೆ ಇಂಥ ಅಪಘಾತ ಸಾಮಾನ್ಯವಾಗಿ ಆಗುವುದಿಲ್ಲ. ಆದುದರಿಂದ ಅದು ಆಗಿದೆಯೆಂದಾಗ ವಿವರಣೆ ಕೊಡುವ ಭಾರ ಅಂಗಡಿಯ ಮೇಲೆ ಬೀಳುತ್ತದೆ, ಮತ್ತು ವಿವರಣೆ ಬಾರದಿದ್ದಲ್ಲಿ ಗ್ರಾಹಕರು ಗೆಲ್ಲುತ್ತಾರೆ. ಇದಕ್ಕೆ ಒಪ್ಪದ ನ್ಯಾಯಮೂರ್ತಿ ಆರ್ಮ್‌ರಾಡ್ ಅವರ ಮಾತನ್ನೂ ಹಗುರವಾಗಿ ಕಾಣುವಂತಿಲ್ಲ. ಎಷ್ಟೇ ಒಳ್ಳೆಯ ವ್ಯವಸ್ಥೆಯಿದ್ದರೂ ಈ ಅಪಘಾತ ಆಗಬಹುದಿತ್ತು, ಆ ಮೊಸರು ಕೆಲವೇ ಕ್ಷಣಗಳ ಹಿಂದೆ ಚೆಲ್ಲಿರಬಹುದಿತ್ತು, ಅಂಗಡಿಯ ತಪ್ಪಿನಿಂದಲೇ ಆಕೆ ಬಿದ್ದರು ಎಂದು ಯಾರೂ ತೋರಿಸಿಲ್ಲ ಎಂದರು ಅವರು. ದಾವೆ ಹೂಡಿದವರೇ ರುಜುವಾತುಪಡಿಸಬೇಕೆಂಬುದು ಬಹಳ ಹಳೆಯ ಮತ್ತು ಒಳ್ಳೆಯ ನಿಯಮ. ಅದನ್ನು ಸಡಿಲಿಸಿದರೆ ತಪ್ಪಿಲ್ಲದ ಅಂಗಡಿಗಾರನೂ ಕೆಲವೊಮ್ಮೆ ಹಣ ತೆರಬೇಕಾಗುತ್ತದೆ. ಸಣ್ಣ ಬಂಡವಾಳದ ವ್ಯಾಪಾರಿಯೊಬ್ಬನನ್ನು ನೆನೆದಾಗ ಆರ್ಮ್‌ರಾಡ್ ಅವರ ಆತಂಕ ನನಗೂ ತಟ್ಟುತ್ತದೆ.

ಆದರೂ ನಾನು ಬಹುಮತದ ಪರ. ಬಿದ್ದ ಗ್ರಾಹಕಿಗೆ ಆ ಅಂಗಡಿಯ ಗುಡಿಸುವ ವೇಳಾಪಟ್ಟಿ ಗೊತ್ತಿರುವುದಿಲ್ಲ, ಯಾವ ನೌಕರ ಯಾವ ಸಾಲಿನಲ್ಲಿ ಯಾವಾಗ ನಡೆದನೆಂಬುದು ತಿಳಿಯುವ ಯಾವ ದಾರಿಯೂ ಇರುವುದಿಲ್ಲ. ಇದೆಲ್ಲ ಅಂಗಡಿಯ ಕೈಯಲ್ಲಿದೆ. ಗುಡಿಸಿದ ವೇಳೆಯನ್ನು ಬರೆದಿಡುವುದಕ್ಕೆ ಒಂದು ಪುಸ್ತಕ ಮತ್ತು ಒಂದು ಪೆನ್ನು ಸಾಕು. ಸಣ್ಣ ಅಂಗಡಿಗೂ ಅದು ಹೊರೆಯಲ್ಲ. ಸುಲಭವಾಗಿ ತಿಳಿಸಬಹುದಾದವರು ಸುಮ್ಮನಿದ್ದು, ತಿಳಿಯಲು ಸಾಧ್ಯವೇ ಇಲ್ಲದವರು ಸೋಲುವ ನಿಯಮವನ್ನು ನ್ಯಾಯವೆಂದು ಒಪ್ಪಿಕೊಳ್ಳಲು ನನ್ನಿಂದಾಗದು. ಜೊತೆಗೆ, ಈ ತೀರ್ಪು ಅಂಗಡಿಯ ಬಾಯಿ ಕಟ್ಟಿಲ್ಲ. ಹತ್ತು ನಿಮಿಷದ ಹಿಂದೆ ಆ ಸಾಲನ್ನು ಒರೆಸಿದ್ದೆವು ಎಂದು ತೋರಿಸಿದರೆ ಅಂಗಡಿ ಬಿಡುಗಡೆಯಾಗುತ್ತದೆ.

ಇದೇ ಪ್ರಶ್ನೆಯನ್ನು ಇನ್ನಷ್ಟು ಸೂಕ್ಷ್ಮವಾಗಿ ಬಿಡಿಸಿದ್ದು ಆಸ್ಟ್ರೇಲಿಯಾದ ಹೈಕೋರ್ಟ್, 2012ರಲ್ಲಿ. ನ್ಯೂ ಸೌತ್ ವೇಲ್ಸ್‌ನ ಟಾರೀ ಎಂಬ ಊರಿನ ಶಾಪಿಂಗ್ ಸೆಂಟರಿನಲ್ಲಿ, ವೂಲ್‌ವರ್ತ್ಸ್ ಕಂಪನಿಯ ಬಿಗ್ ಡಬ್ಲ್ಯೂ ಅಂಗಡಿಯ ಬಾಗಿಲ ಮುಂದೆ, ಗಿಡದ ಕುಂಡಗಳನ್ನು ಮಾರಾಟಕ್ಕಿಟ್ಟಿದ್ದ ಜಾಗವೊಂದಿತ್ತು. 2004ರ ಸೆಪ್ಟೆಂಬರ್ 24ರ ಮಧ್ಯಾಹ್ನ ಸುಮಾರು ಹನ್ನೆರಡೂವರೆಗೆ, ಹಿಂದೆಯೇ ಒಂದು ಕಾಲನ್ನು ಕಳೆದುಕೊಂಡು ಊರುಗೋಲಿನ ಮೇಲೆ ನಡೆಯುತ್ತಿದ್ದ ಮಹಿಳೆಯೊಬ್ಬರ ಊರುಗೋಲಿನ ತುದಿ ನೆಲದ ಮೇಲಿದ್ದ ಜಿಡ್ಡಿನ ಆಲೂಗಡ್ಡೆ ಚಿಪ್ಸ್‌ನ ತುಂಡೊಂದರ ಮೇಲೆ ಊರಿತು. ಅವರು ಬಿದ್ದು ಬೆನ್ನುಹುರಿಯ ಭಾಗಕ್ಕೆ ಗಂಭೀರ ಪೆಟ್ಟಾಯಿತು. ಶಾಪಿಂಗ್ ಸೆಂಟರಿನ ಸಾಮಾನ್ಯ ಜಾಗವನ್ನು ಸ್ವಚ್ಛತೆಯವರು ಸರಿಯಾಗಿ ನೋಡಿಕೊಳ್ಳುತ್ತಿದ್ದರು, ಆದರೆ ಆ ಮಾರಾಟದ ತುಂಡು ಜಾಗವನ್ನು ನೋಡಿಕೊಳ್ಳುವ ವ್ಯವಸ್ಥೆ ವೂಲ್‌ವರ್ತ್ಸ್ ಬಳಿ ಇರಲಿಲ್ಲ. ಜಿಲ್ಲಾ ನ್ಯಾಯಾಲಯ 5,80,299 ಡಾಲರ್ ಪರಿಹಾರ ಕೊಡಿಸಿತು.

ಮೇಲ್ಮನವಿಯಲ್ಲಿ ಆ ಪರಿಹಾರ ಹೋಯಿತು. ಇಪ್ಪತ್ತು ನಿಮಿಷಕ್ಕೊಮ್ಮೆ ಆ ಜಾಗವನ್ನು ನೋಡಿ ಸ್ವಚ್ಛಗೊಳಿಸಬೇಕಿತ್ತು, ಅದನ್ನು ಮಾಡದಿದ್ದದ್ದು ನಿರ್ಲಕ್ಷ್ಯವೇ ಎಂದು ಮೇಲ್ಮನವಿ ನ್ಯಾಯಾಲಯವೂ ಒಪ್ಪಿತು. ಆದರೆ ಅದು ಊಟದ ಹೊತ್ತು. ಚಿಪ್ಸ್ ಕೊನೆಯ ಇಪ್ಪತ್ತು ನಿಮಿಷದೊಳಗೆ ಬಿದ್ದಿರಬಹುದು, ಹಾಗಾಗಿದ್ದರೆ ಇಪ್ಪತ್ತು ನಿಮಿಷಕ್ಕೊಮ್ಮೆ ಗುಡಿಸಿದ್ದರೂ ಅದು ಅಲ್ಲಿಯೇ ಇರುತ್ತಿತ್ತು, ಆದ್ದರಿಂದ ನಿರ್ಲಕ್ಷ್ಯಕ್ಕೂ ಬಿದ್ದದ್ದಕ್ಕೂ ಸಂಬಂಧ ಸಾಬೀತಾಗಿಲ್ಲ ಎಂದಿತು. ಹೈಕೋರ್ಟಿನ ಬಹುಮತ ಇದನ್ನು ತಳ್ಳಿಹಾಕಿತು. ಚಿಪ್ಸ್ ಅನ್ನು ಜನ ಊಟಕ್ಕಷ್ಟೇ ತಿನ್ನುವುದಿಲ್ಲ, ಬೆಳಗಿನ ತಿಂಡಿಗೂ ನಡುಹೊತ್ತಿಗೂ ತಿನ್ನುತ್ತಾರೆ. ಆ ಜಾಗ ಬೆಳಿಗ್ಗೆ ಎಂಟರಿಂದ ಬಳಕೆಯಲ್ಲಿತ್ತು. ಎಂಟರಿಂದ ಹನ್ನೆರಡೂವರೆಯ ತನಕದ 270 ನಿಮಿಷಗಳಲ್ಲಿ ಕೊನೆಯ 20 ನಿಮಿಷಗಳಲ್ಲಿಯೇ ಆ ತುಂಡು ಬಿದ್ದಿತು ಎನ್ನುವುದಕ್ಕಿಂತ, ಅದಕ್ಕೂ ಮುಂಚಿನ 250 ನಿಮಿಷಗಳಲ್ಲಿ ಎಂದೋ ಬಿದ್ದಿತು ಎನ್ನುವುದೇ ಹೆಚ್ಚು ಸಂಭವನೀಯ. ಸಿವಿಲ್ ವ್ಯಾಜ್ಯದಲ್ಲಿ ಹೆಚ್ಚು ಸಂಭವನೀಯವಾದದ್ದೇ ಸಾಬೀತಾದದ್ದು. ನ್ಯಾಯಮೂರ್ತಿ ಹೇಡನ್ ಒಬ್ಬರು ಮಾತ್ರ ಒಪ್ಪಲಿಲ್ಲ.

ಈ ತೀರ್ಪಿನ ಗುಣವೆಂದರೆ ಅದು ರುಜುವಾತಿನ ಹಳೆಯ ನಿಯಮವನ್ನು ಮುಟ್ಟಲೇ ಇಲ್ಲ. ಭಾರ ಗ್ರಾಹಕಿಯ ಮೇಲೆಯೇ ಉಳಿಯಿತು; ಆದರೆ ಅಂಗಡಿ ಬೆಳಗಿನಿಂದ ಒಮ್ಮೆಯೂ ನೆಲವನ್ನು ನೋಡಿರದಿದ್ದಾಗ, ಆ ನೋಡದ ಹೊತ್ತು ಉದ್ದವಾದಷ್ಟೂ ಗ್ರಾಹಕಿಯ ಭಾರ ಹಗುರವಾಗುತ್ತದೆ ಎಂದು ತೋರಿಸಿತು. ಹತ್ತಿ ಬಿಡಿಸಿದಷ್ಟು ನಯವಾದ ಈ ತರ್ಕದ ಮುಂದೆ ಆರ್ಮ್‌ರಾಡ್ ಅವರ ಆತಂಕವೂ ಬಹುಮಟ್ಟಿಗೆ ಕರಗುತ್ತದೆ. ಪದೇ ಪದೇ ನೋಡಿಕೊಳ್ಳುವ ಅಂಗಡಿಗೆ ಈ ಲೆಕ್ಕ ಅಪಾಯವನ್ನೇ ತರುವುದಿಲ್ಲ.

ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯ 2001ರಲ್ಲಿ ಕೆ-ಮಾರ್ಟ್ ಅಂಗಡಿಯ ಪ್ರಕರಣದಲ್ಲಿ ಹೆಚ್ಚುಕಡಿಮೆ ಇದೇ ನಿಲುವಿಗೆ ಬಂದಿತ್ತು. ಶೀತಕದ ಪಕ್ಕ ಚೆಲ್ಲಿದ ಹಾಲಿನ ಮೇಲೆ ಜಾರಿದ ಗ್ರಾಹಕನಿಗೆ ಹಾಲು ಎಷ್ಟು ಹೊತ್ತಿನಿಂದ ಅಲ್ಲಿತ್ತೆಂದು ಹೇಳಲಾಗಲಿಲ್ಲ. ನೌಕರರು ಸಾಮಾನ್ಯವಾಗಿ ಕಾಲು ಗಂಟೆಗೋ ಅರ್ಧ ಗಂಟೆಗೋ ಒಮ್ಮೆ ಅಲ್ಲಿ ನಡೆಯುತ್ತಾರೆ ಎಂದ ಅಂಗಡಿಯ ವ್ಯವಸ್ಥಾಪಕರು, ಬರಹದ ದಾಖಲೆಯಿಲ್ಲವೆಂದೂ, ಆ ದಿನ ಎರಡು ಗಂಟೆಯವರೆಗೂ ಯಾರೂ ನೋಡದೆ ಇದ್ದಿರಬಹುದೆಂದೂ ಒಪ್ಪಿಕೊಂಡರು. ಸಕಾಲದಲ್ಲಿ ನೆಲವನ್ನು ಪರಿಶೀಲಿಸಿಲ್ಲವೆಂದು ತೋರಿಸಿದರೆ, ಅಪಾಯ ಸಾಕಷ್ಟು ಹೊತ್ತಿನಿಂದ ಅಲ್ಲಿತ್ತೆಂದು ಜ್ಯೂರಿ ಊಹಿಸಬಹುದು ಎಂದಿತು ನ್ಯಾಯಾಲಯ. ಎಲ್ಲ ಕಡೆಯೂ ಹೀಗಾಗಿಲ್ಲ. ಫ್ಲಾರಿಡಾದಲ್ಲಿ ಅದೇ 2001ರಲ್ಲಿ ಸರ್ವೋಚ್ಚ ನ್ಯಾಯಾಲಯ ಭಾರವನ್ನು ಅಂಗಡಿಯ ಮೇಲೆ ಹಾಕಿತು. 2010ರಲ್ಲಿ ಶಾಸನಸಭೆ ಹೊಸ ಕಾನೂನು ತಂದು, ಚೆಲ್ಲಿದ ವಸ್ತುವಿನ ಬಗ್ಗೆ ಅಂಗಡಿಗೆ ತಿಳಿದಿತ್ತು ಅಥವಾ ತಿಳಿದಿರಬೇಕಿತ್ತು ಎಂಬುದನ್ನು ಬಿದ್ದವರೇ ತೋರಿಸಬೇಕೆಂದು ಮತ್ತೆ ತಿರುಗಿಸಿತು.

ಗ್ರಾಹಕರ ಎಚ್ಚರದ ಮಾತನ್ನು ಬಿಟ್ಟುಬಿಡುವಂತಿಲ್ಲ. ಫೋನ್ ನೋಡುತ್ತ ಹಳದಿ ಫಲಕವನ್ನು ದಾಟಿ ಒದ್ದೆ ನೆಲದ ಮೇಲೆ ಓಡಿದವರ ಪಾಲೂ ಇದೆ, ಅದಕ್ಕೆ ತಕ್ಕಷ್ಟು ಪರಿಹಾರ ಕಡಿತವಾಗುತ್ತದೆ; ಇಂಗ್ಲೆಂಡಿನಲ್ಲಿ 1945ರ ಕಾಯ್ದೆಯೊಂದು ಈ ಪಾಲು ಹಂಚುವಿಕೆಯನ್ನು ಜಾರಿಗೆ ತಂದಿತು. ಆದರೆ ಫಲಕ ಇಟ್ಟ ಮಾತ್ರಕ್ಕೆ ಅಂಗಡಿ ಪಾರಾಗುವುದಿಲ್ಲ. 1957ರ ಕಾಯ್ದೆಯ ಪ್ರಕಾರ ಎಚ್ಚರಿಕೆಯು ಬಂದವರನ್ನು ನಿಜವಾಗಿ ಸುರಕ್ಷಿತರನ್ನಾಗಿಸುವಷ್ಟು ಸಾಕಾಗಿರಬೇಕು. ಬೇರೆ ದಾರಿಯೇ ಇಲ್ಲದ ಒಂದೇ ಸಾಲಿನಲ್ಲಿ ಫಲಕ ನಿಲ್ಲಿಸಿದರೆ ಅದು ಅಪಾಯದ ಘೋಷಣೆಯಾದೀತೇ ಹೊರತು ಪರಿಹಾರವಾಗದು. ಇನ್ನೊಂದು ಸಂಗತಿ: ಅಂಗಡಿಯಲ್ಲಿ ನಡೆಯುವವರು ನೆಲ ನೋಡಿಕೊಂಡು ನಡೆಯುವುದಿಲ್ಲ, ಅವರು ಹಾಗೆ ನಡೆಯಬಾರದೆಂದೇ ಅಂಗಡಿಯನ್ನು ಜೋಡಿಸಲಾಗಿರುತ್ತದೆ. ಕಪಾಟುಗಳು ಕಣ್ಣಿನ ಎತ್ತರದಲ್ಲಿವೆ, ರಿಯಾಯಿತಿಯ ಚೀಟಿಗಳು ತಲೆಯ ಮೇಲೆ ತೂಗುತ್ತವೆ. 1990ರಲ್ಲಿ ಇಲಿನಾಯ್ ರಾಜ್ಯದ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದ ಪ್ರಕರಣವೊಂದರಲ್ಲಿ, ಕೊಂಡ ದೊಡ್ಡ ಕನ್ನಡಿಯನ್ನು ಎರಡೂ ಕೈಯಲ್ಲಿ ಹಿಡಿದು ಹೊರಬರುತ್ತಿದ್ದ ಗ್ರಾಹಕನೊಬ್ಬ ಬಾಗಿಲ ಹೊರಗಿನ ಕಾಂಕ್ರೀಟ್ ಕಂಬಕ್ಕೆ ಡಿಕ್ಕಿ ಹೊಡೆದಿದ್ದ. ಒಳಗೆ ಹೋಗುವಾಗ ಅವನು ಆ ಕಂಬವನ್ನು ನೋಡಿಯೂ ಇದ್ದ. ಆದರೂ, ದೊಡ್ಡ ವಸ್ತುಗಳನ್ನು ಮಾರುವ ಅಂಗಡಿ ತನ್ನ ಗ್ರಾಹಕರು ಅವನ್ನು ಹೊತ್ತು ನಡೆಯುವಾಗ ಮುಂದಿನದನ್ನು ಕಾಣಲಾರರು ಎಂದು ಮುಂಗಾಣಬೇಕು ಎಂದಿತು ನ್ಯಾಯಾಲಯ. ಈ ಮಾತು ನನಗೆ ಅತ್ಯಂತ ಸರಿಯಾಗಿ ಕಾಣುತ್ತದೆ.

ಕೆಲವು ವರ್ಷಗಳ ಹಿಂದೆ ನನ್ನ ಸೋದರತ್ತೆ ನಮ್ಮೂರಿನ ದೊಡ್ಡ ದಿನಸಿ ಮಳಿಗೆಯೊಂದರಲ್ಲಿ, ಅಡುಗೆ ಎಣ್ಣೆಯ ಪ್ಯಾಕೆಟ್ ಸೋರಿದ್ದ ಜಾಗದಲ್ಲಿ ಜಾರಿ, ಸೊಂಟದ ಮೂಳೆ ಮುರಿದುಕೊಂಡರು. ಆಸ್ಪತ್ರೆಗೆ ಬಂದ ನೆಂಟರಲ್ಲಿ ಅರ್ಧದಷ್ಟು ಜನ ಗ್ರಹಚಾರ ಎಂದರು, ಉಳಿದವರು ಈ ವಯಸ್ಸಿನಲ್ಲಿ ಒಬ್ಬರೇ ಹೋಗಬಾರದಿತ್ತು ಎಂದರು. ಮಳಿಗೆಯ ವ್ಯವಸ್ಥಾಪಕರು ಸಭ್ಯರೇ. ಹಣ್ಣು ಹಿಡಿದುಕೊಂಡು ನೋಡಲು ಬಂದು, “ಅಮ್ಮಾ, ಯಾರೋ ಈಗಷ್ಟೇ ಚೆಲ್ಲಿದ್ದರು ನೋಡಿ, ನಮ್ಮ ಹುಡುಗರು ಗಮನಿಸುವಷ್ಟರಲ್ಲಿ ಹೀಗಾಯಿತು” ಎಂದರು. ಆ ‘ಈಗಷ್ಟೇ’ ಅವರಿಗೆ ಹೇಗೆ ಗೊತ್ತಾಯಿತು ಎಂದು ಅಲ್ಲಿದ್ದವರಲ್ಲಿ ಯಾರಿಗೂ ಕೇಳಬೇಕೆನಿಸಲಿಲ್ಲ. ಅವರೇ ಕ್ಯಾಮೆರಾದ ಚಿತ್ರಗಳನ್ನು ನೋಡಿ ಹಾಗೆ ಹೇಳಿದ್ದರೆ ಆ ಚಿತ್ರಗಳನ್ನು ನಮಗೂ ತೋರಿಸಬಹುದಿತ್ತು. ನೋಡದೆ ಹೇಳಿದ್ದರೆ ಆ ಮಾತಿಗೆ ಆಧಾರವಿರಲಿಲ್ಲ.

ಭಾರತದಲ್ಲಿ ಇಂಗ್ಲೆಂಡಿನ 1957ರ ಕಾಯ್ದೆಯಂಥ ಪ್ರತ್ಯೇಕ ಶಾಸನವಿಲ್ಲ. ಇಂಗ್ಲೆಂಡಿನ ನ್ಯಾಯಾಲಯಗಳ ತೀರ್ಪುಗಳಿಂದ ಬೆಳೆದ ಕಾಮನ್ ಲಾ ಸಂಪ್ರದಾಯದಿಂದ ಬಂದ ನಿರ್ಲಕ್ಷ್ಯದ ನಿಯಮಗಳನ್ನೇ ನಮ್ಮ ಸಿವಿಲ್ ನ್ಯಾಯಾಲಯಗಳೂ ಅನ್ವಯಿಸುತ್ತವೆ, ಆದ್ದರಿಂದ ಮೇಲಿನ ತೀರ್ಪುಗಳು ನಮ್ಮ ನ್ಯಾಯಾಲಯಗಳನ್ನು ಕಟ್ಟಿಹಾಕದಿದ್ದರೂ ಅವುಗಳ ತರ್ಕವನ್ನು ಮುಂದಿಡಲು ಯಾವ ಅಡ್ಡಿಯೂ ಇಲ್ಲ. ಘಟನೆಯೇ ತಪ್ಪನ್ನು ಹೇಳುತ್ತದೆ ಎಂಬ ತತ್ವ ನಮಗೆ ಹೊಸದಲ್ಲ. ದೆಹಲಿಯ ಚಾಂದನಿ ಚೌಕದ ಗಡಿಯಾರ ಗೋಪುರ 1951ರಲ್ಲಿ ಕುಸಿದು ಜನ ಸತ್ತಾಗ, ಅದರ ಒಡೆತನವಿದ್ದ ಪಾಲಿಕೆ ತನಗೆ ಅಪಾಯದ ಅರಿವಿರಲಿಲ್ಲವೆಂದು ವಾದಿಸಿತು. ನಲವತ್ತು ನಲವತ್ತೈದು ವರ್ಷ ಬಾಳಬಹುದಾದ ಆ ಕಟ್ಟಡಕ್ಕೆ ಎಂಬತ್ತು ವರ್ಷವಾಗಿತ್ತು. 1966ರಲ್ಲಿ ಸುಪ್ರೀಂ ಕೋರ್ಟ್, ದಾರಿಯ ಪಕ್ಕದ ಕಟ್ಟಡದ ಒಡೆಯರು ದೋಷ ತಿಳಿದಿರಲಿಲ್ಲವೆಂದು ಹೇಳಿ ತಪ್ಪಿಸಿಕೊಳ್ಳುವಂತಿಲ್ಲ ಎಂದಿತು. ಗೋಪುರಕ್ಕೂ ಚೆಲ್ಲಿದ ಎಣ್ಣೆಗೂ ವ್ಯತ್ಯಾಸವಿದೆ ಎಂಬುದನ್ನು ಮರೆಯಬಾರದು. ಗೋಪುರ ಪಾಲಿಕೆಯದ್ದೇ, ಎಣ್ಣೆಯನ್ನು ಚೆಲ್ಲಿದವರು ಮೂರನೆಯವರು. ಅಷ್ಟು ಕಠಿಣ ನಿಯಮವನ್ನು ಅಂಗಡಿಯ ನೆಲಕ್ಕೆ ಇಡಿಯಾಗಿ ತರುವುದು ಸರಿಯಲ್ಲ.

ಅಂಗಡಿಯ ನೆಲಕ್ಕೆ ಹೆಚ್ಚು ಹೊಂದುವ ನಿಯಮ ನಮ್ಮ ಸಾಕ್ಷ್ಯ ಕಾನೂನಿನಲ್ಲಿಯೇ ಇದೆ. ಯಾವುದಾದರೂ ಸಂಗತಿ ಒಬ್ಬರ ವಿಶೇಷ ಅರಿವಿನಲ್ಲಿದ್ದರೆ ಅದನ್ನು ರುಜುವಾತುಪಡಿಸುವ ಭಾರ ಅವರದ್ದೇ ಎಂದು 1872ರ ಕಾಯ್ದೆಯ 106ನೇ ಕಲಂ ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದು 109ನೇ ಕಲಂ ಆಗಿದೆ. ಕೈಯಲ್ಲಿದ್ದ ಸಾಕ್ಷ್ಯವನ್ನು ಹಾಜರುಪಡಿಸದವರ ವಿರುದ್ಧವೇ ಆ ಸಾಕ್ಷ್ಯ ಇದ್ದಿರಬೇಕೆಂದು ನ್ಯಾಯಾಲಯ ಭಾವಿಸಬಹುದು ಎಂಬ ನಿಯಮವೂ, ಹಿಂದಿನ 114ನೇ ಕಲಮಿನಿಂದ, ಹೊಸ ಅಧಿನಿಯಮದ 119ನೇ ಕಲಮಿಗೆ ಬಂದಿದೆ. ನೆಲವನ್ನು ಎಷ್ಟು ಗಂಟೆಗೆ ಒರೆಸಲಾಯಿತು, ಕ್ಯಾಮೆರಾದಲ್ಲಿ ಏನು ದಾಖಲಾಯಿತು ಎಂಬುದು ಅಂಗಡಿಯ ವಿಶೇಷ ಅರಿವಲ್ಲದೆ ಮತ್ತೇನು? ಮೊದಲಿಗೆ ಗ್ರಾಹಕರು ತಾವು ಎಲ್ಲಿ, ಯಾವಾಗ, ಏನರ ಮೇಲೆ ಬಿದ್ದೆವೆಂಬುದನ್ನು ತೋರಿಸಲೇಬೇಕು, ಆ ಭಾರ ಅವರದ್ದೇ. ಅದಾದ ಬಳಿಕ ಈ ಎರಡು ಕಲಮುಗಳನ್ನು ಜೋಡಿಸಿ ಓದಿದರೆ ಲಿವರ್‌ಪೂಲಿನ ಬಹುಮತದ ಹತ್ತಿರಕ್ಕೆ ನಮ್ಮ ಕಾನೂನಿನ ದಾರಿಯಿಂದಲೇ ಬಂದು ಸೇರಬಹುದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಸಿವಿಲ್ ದಾವೆಯ ಬದಲು ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುವ ದಾರಿಯೂ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಸೇವೆಯ ನ್ಯೂನತೆಯನ್ನು ವಿವರಿಸುವಾಗ ಗ್ರಾಹಕರಿಗೆ ನಷ್ಟ ಅಥವಾ ಗಾಯ ಉಂಟುಮಾಡುವ ನಿರ್ಲಕ್ಷ್ಯವನ್ನೂ ಸೇರಿಸಿದೆ. ದೂರು ಕೊಡಲು 2 ವರ್ಷಗಳ ಅವಧಿಯಿದೆ. ಇಲ್ಲಿ ಒಂದು ತೊಡಕುಂಟು. ಕಾಯ್ದೆಯ ಪ್ರಕಾರ ಗ್ರಾಹಕರೆಂದರೆ ಹಣ ಕೊಟ್ಟು, ಅಥವಾ ಕೊಡುವುದಾಗಿ ಹೇಳಿ, ಸರಕನ್ನೋ ಸೇವೆಯನ್ನೋ ಪಡೆದವರು. ಬಿಲ್ಲಿನ ಕೌಂಟರಿಗೆ ಬರುವ ಮುಂಚೆಯೇ ಬಿದ್ದವರು ಗ್ರಾಹಕರಲ್ಲ ಎಂದು ಅಂಗಡಿಯ ವಕೀಲರು ವಾದಿಸಬಹುದು. ಬುಟ್ಟಿಗೆ ಸಾಮಾನು ಹಾಕಿಕೊಂಡವರು ಕೊಳ್ಳುವ ಕ್ರಿಯೆಯ ನಡುವೆಯೇ ಇದ್ದಾರೆ, ಅವರನ್ನು ಹೊರಗಿಡುವುದು ಕಾಯ್ದೆಯ ಉದ್ದೇಶಕ್ಕೆ ವಿರುದ್ಧ ಎಂಬುದು ಅದಕ್ಕೆ ಕೊಡಬಹುದಾದ ಉತ್ತರ. ವಿವಾದ ಬೇಡವೆನ್ನುವವರಿಗೆ ಸಿವಿಲ್ ನ್ಯಾಯಾಲಯದಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ.

ನಮ್ಮ ಮಾಲ್‌ಗಳಲ್ಲಿ ಇನ್ನೊಂದು ಪದರ ಸೇರಿಕೊಳ್ಳುತ್ತದೆ. ಕಟ್ಟಡ ಒಬ್ಬರದ್ದು, ಮಳಿಗೆ ಇನ್ನೊಬ್ಬರದ್ದು, ನೆಲ ಒರೆಸುವವರು ಹೌಸ್‌ಕೀಪಿಂಗ್ ಗುತ್ತಿಗೆ ಕಂಪನಿಯವರು. ಬಿದ್ದವರು ಕೇಳಿದರೆ ಪ್ರತಿಯೊಬ್ಬರೂ ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ. 1940ರ ದಶಕದಲ್ಲಿಯೇ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ ಎರಡು ಪ್ರಕರಣಗಳಲ್ಲಿ ಇದರ ಗೆರೆಯನ್ನು ಎಳೆದಿದೆ. ಲಿಫ್ಟಿನ ದುರಸ್ತಿಯನ್ನು ತಜ್ಞ ಕಂಪನಿಗೆ ವಹಿಸಿದ್ದ ಕಟ್ಟಡದ ಒಡೆಯರು ಲಿಫ್ಟ್ ಬಿದ್ದಾಗ ಹೊಣೆಯಾಗಲಿಲ್ಲ, ಏಕೆಂದರೆ ಆ ಕೆಲಸ ಸರಿಯಾಗಿದೆಯೇ ಎಂದು ಅವರು ತಾವೇ ತಿಳಿಯುವಂತಿರಲಿಲ್ಲ. ಆದರೆ ಶಾಲೆಯೊಂದರ ಹಿಮ ಮುಚ್ಚಿದ ಮೆಟ್ಟಿಲನ್ನು ಸ್ವಚ್ಛಗೊಳಿಸಲು ಬೇರೊಬ್ಬರನ್ನು ನೇಮಿಸಿದ್ದೆವೆಂಬ ನೆಪ ನಡೆಯಲಿಲ್ಲ. ಮೆಟ್ಟಿಲಿನ ಮೇಲಿನ ಹಿಮವನ್ನು ತೆಗೆಯುವುದರಲ್ಲಿ ತಜ್ಞರಿಗಷ್ಟೇ ತಿಳಿಯುವ ರಹಸ್ಯವೇನೂ ಇಲ್ಲ ಎಂದರು ನ್ಯಾಯಮೂರ್ತಿ ಡು ಪಾರ್ಕ್. ಎಣ್ಣೆ ಚೆಲ್ಲಿದ ನೆಲವೂ ಅಷ್ಟೇ. ಗುತ್ತಿಗೆಯವರಿಗೆ ಕೊಟ್ಟಿದ್ದೇವೆ ಎನ್ನುವ ಮಳಿಗೆ, ಆ ಗುತ್ತಿಗೆಯವರು ಕೆಲಸ ಮಾಡುತ್ತಿದ್ದಾರೆಯೇ ಎಂದು ಯಾರು, ಎಷ್ಟು ಹೊತ್ತಿಗೊಮ್ಮೆ ನೋಡುತ್ತಿದ್ದರು ಎಂಬುದಕ್ಕೂ ಉತ್ತರ ಕೊಡಬೇಕಾಗುತ್ತದೆ.

ಆದುದರಿಂದ ಯಾರಾದರೂ ಬಿದ್ದಾಗ ಮನೆಯವರು ಮಾಡಬೇಕಾದ ಮೊದಲ ಕೆಲಸ, ರೋಗಿಯ ಆರೈಕೆಯ ಜೊತೆಯಲ್ಲಿಯೇ, ಮಳಿಗೆಗೂ ಮಾಲ್‌ನ ಆಡಳಿತಕ್ಕೂ ಬರಹದಲ್ಲಿ ಒಂದು ಪತ್ರ ಕಳುಹಿಸುವುದು. ಬಿದ್ದ ದಿನ, ವೇಳೆ, ಸಾಲು ಇವನ್ನು ನಮೂದಿಸಿ, ಅದಕ್ಕೂ ಹಿಂದಿನ ಕೆಲವು ಗಂಟೆಗಳ ಸಿಸಿಟಿವಿ ಚಿತ್ರಗಳನ್ನೂ ಸ್ವಚ್ಛತೆಯ ದಾಖಲೆ ಪುಸ್ತಕವನ್ನೂ ಅಳಿಸದೆ ಕಾದಿರಿಸಬೇಕೆಂದು ಕೇಳಬೇಕು. ಕ್ಯಾಮೆರಾದ ಯಂತ್ರಗಳು ಹಳೆಯ ಚಿತ್ರಗಳ ಮೇಲೆಯೇ ಹೊಸದನ್ನು ಬರೆದುಕೊಳ್ಳುತ್ತ ಹೋಗುತ್ತವೆ. ತಡಮಾಡಿದರೆ ಯಾರೂ ಬೇಕೆಂದು ಅಳಿಸದೆಯೇ ಎಲ್ಲವೂ ಹೋಗಿಬಿಡುತ್ತದೆ. ಬಿದ್ದ ಕ್ಷಣದ ಚಿತ್ರವಷ್ಟೇ ಸಾಲದು, ಅದಕ್ಕೂ ಹಿಂದಿನ ಹೊತ್ತಿನ ಚಿತ್ರಗಳು ಬೇಕು, ಏಕೆಂದರೆ ಪ್ಯಾಕೆಟ್ ಯಾವಾಗ ಸೋರಿತು, ಆಮೇಲೆ ಎಷ್ಟು ಮಂದಿ ಸಿಬ್ಬಂದಿ ಅದರ ಪಕ್ಕದಲ್ಲಿ ನಡೆದುಹೋದರು ಎಂಬುದು ಇರುವುದು ಅಲ್ಲಿಯೇ. ನ್ಯಾಯಾಲಯದಲ್ಲಿ ಆ ಚಿತ್ರಗಳನ್ನು ಹಾಜರುಪಡಿಸಲು ಹೊಸ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ, ಅದನ್ನೂ ಪತ್ರದಲ್ಲಿಯೇ ಕೇಳಿಡುವುದು ಒಳ್ಳೆಯದು. ಪತ್ರ ತಲುಪಿದ ರಸೀದಿಯನ್ನು ಆಸ್ಪತ್ರೆಯ ಕಾಗದಗಳ ಜೊತೆಗೆ ಇಟ್ಟುಕೊಳ್ಳಬೇಕು. ಮಳಿಗೆ ಚಿತ್ರಗಳನ್ನು ಕೊಟ್ಟರೆ ಸಮಯದ ಪ್ರಶ್ನೆಗೆ ಉತ್ತರ ಸಿಗುತ್ತದೆ. ಪತ್ರ ತಲುಪಿದ ಮೇಲೂ ಕೊಡದಿದ್ದರೆ 119ನೇ ಕಲಂ ಓದಿ ಹೇಳಲು ವಕೀಲರಿಗೆ ಆ ರಸೀದಿ ಸಾಕು.